ಕೆಂಚನ ಹಿಂದೆ ಹೋದ ಮುದ್ದಮ್ಮ

ಮಲ್ಲಿಪಟ್ಟಣದಿಂದ ಒಂದು ಹರದಾರಿ ಒಳಗಿದ್ದ ಆ ಹಳ್ಳಿಯಲ್ಲಿ ಮುದ್ದಮ್ಮನ ಗುಡಿಸಲು ಕೇರಿಯ ತುದಿಗಿತ್ತು. ಪಕ್ಕದಲ್ಲಿ ಕತ್ತಾಳೆ ಬೇಲಿ, ಬೇಲಿಯಾಚೆ ತಮ್ಮಯ್ಯಗೌಡರ ಹೆಂಚಿನ ಮನೆ. ಊರೊಳಗಿನ ಮನೆ ಇಕ್ಕಟ್ಟಾಯಿತೆಂದು ಗೌಡರು ರಸ್ತೆ ಬದಿಗೆ ಬಂದು ಹೊಸದಾಗಿ ಕಟ್ಟಿಸಿಕೊಂಡಿದ್ದರು. ಹಾಗಾಗಿ, ಬೇಕೋ ಬೇಡವೋ, ಕೇರಿಗೆ ನೆರೆಯವರಾಗಿದ್ದರು. ಬೇಲಿಯ ಮೇಲೆ ಜಾಲಿಮುಳ್ಳು ಬೇರೆ ಹೊದಿಸಿದ್ದರು.

ಅವರ ನಾಯಿ ಕೆಂಚನಿಗೆ ಆ ಬೇಲಿ ಲೆಕ್ಕಕ್ಕೇ ಇರಲಿಲ್ಲ. ಹಗಲೆಲ್ಲ ಕೇರಿಯಲ್ಲಿ ಅಲೆಯುತ್ತಿತ್ತು. ಮಡಕೆಗೆ ಬಾಯಿ ಹಾಕುತ್ತಿತ್ತು, ಕೋಳಿ ಅಟ್ಟಿಸುತ್ತಿತ್ತು, ಹೊತ್ತು ಮುಳುಗಿದ ಮೇಲೆ ಹೋಗಿ ಗೌಡರ ಜಗಲಿಯ ಮೇಲೆ ಮಲಗುತ್ತಿತ್ತು. ಯಾರೂ ಕಲ್ಲು ಎತ್ತುವಂತಿರಲಿಲ್ಲ. ಗೌಡರ ನಾಯಿ.

ಆ ವರ್ಷ ಮಾಗಿಯ ಕೊನೆಗೆ, ಗೌಡರ ಹೊಲದಿಂದಲೇ ಹುರುಳಿ ಹೊರೆ ಹೊತ್ತು ಬರುತ್ತಿದ್ದ ಮುದ್ದಮ್ಮನ ಮೀನಖಂಡಕ್ಕೆ ಕೆಂಚ ಬಾಯಿ ಹಾಕಿತು. ಹೊರೆ ಮುಖಕ್ಕೆ ಅಡ್ಡವಾಗಿದ್ದರಿಂದ ಅವಳಿಗೆ ನಾಯಿ ಕಂಡೇ ಇರಲಿಲ್ಲ. ಹೊರೆ ಬಿಸಾಕಿ ಕೂತುಬಿಟ್ಟಳು. ರಕ್ತ ನೋಡಿ ಹೆದರಲಿಲ್ಲ. ಹೆದರಿಕೆ ಹುಟ್ಟಿದ್ದು ಮನೆಗೆ ಬಂದು ಕಾಲು ತೊಳೆಯಲು ಚೆಂಬಿನಲ್ಲಿ ನೀರು ಎತ್ತಿಕೊಂಡಾಗ. ಅವಳ ಚಿಕ್ಕಪ್ಪ ಗಂಗಯ್ಯ ಹುಚ್ಚುನಾಯಿ ಕಚ್ಚಿ ಸತ್ತಿದ್ದ. ನೀರು ಕಂಡರೆ ಗೋಡೆಗೆ ಒತ್ತಿಕೊಂಡು ನಡುಗುತ್ತಿದ್ದ ಅವನನ್ನು ಮುದ್ದಮ್ಮ ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ನೋಡಿದ್ದಳು.

ಮರುದಿನ ಗಂಡ ಲಕ್ಕಯ್ಯನ ಜೊತೆ ಅರಕಲಗೂಡಿಗೆ ನಡೆದಳು. ಅಲ್ಲಿಯ ಡಾಕ್ಟರು ಗಾಯ ತೊಳೆದು ಪಟ್ಟಿ ಕಟ್ಟಿ, ಹೊಕ್ಕುಳ ಸುತ್ತ ಹಾಕುವ ಸೂಜಿಮದ್ದು ಹಾಸನದಲ್ಲಿ ಮಾತ್ರ ಸಿಗುತ್ತದೆ, ದಿನ ಬಿಡದೆ ಹಾಕಿಸಿಕೊಳ್ಳಬೇಕು, ಅಲ್ಲೇ ಉಳಿಯಬೇಕು ಎಂದರು. ಲಕ್ಕಯ್ಯ ತಲೆ ತಗ್ಗಿಸಿದ. ಅದನ್ನು ನೋಡಿ ಡಾಕ್ಟರೇ ಇನ್ನೊಂದು ದಾರಿ ಹೇಳಿದರು: "ಕಚ್ಚಿದ ನಾಯಿ ಗೊತ್ತಿರೋದು ತಾನೇ? ಕಟ್ಟಿಹಾಕಿ ಹತ್ತು ದಿನ ನೋಡಿ. ಚೆನ್ನಾಗಿದ್ದರೆ ಭಯವಿಲ್ಲ. ಸತ್ತರೆ, ಇಲ್ಲ ಕಾಣೆಯಾದರೆ, ಅವತ್ತೇ ಹಾಸನಕ್ಕೆ ಹೋಗಬೇಕು. ತಡಮಾಡಬಾರದು."

ಹಾಗೆ ಮುದ್ದಮ್ಮನ ಜೀವ ಕೆಂಚನ ಜೀವಕ್ಕೆ ಗಂಟು ಬಿತ್ತು.

ಅವತ್ತು ಸಂಜೆಯೇ ಬೇಲಿಯ ಹತ್ತಿರ ನಿಂತು ಕೂಗಿದಳು. "ಬುದ್ದೀ, ನಾಯಿನ ಒಂದತ್ತು ದಿನ ಕಟ್ಟಾಕಿಸ್ಬೇಕು. ಡಾಕ್ಟ್ರು ಏಳವ್ರೆ."

ತಮ್ಮಯ್ಯಗೌಡರು ಜಗಲಿಯಿಂದ ಎದ್ದೂ ಬರಲಿಲ್ಲ. "ನಾಯಿ ಏನು ಎಮ್ಮೇನಮ್ಮಿ ಗೂಟಕ್ಕೆ ಕಟ್ಟಾಕೋಕೆ? ತಿರುಗೋ ಜಾತಿ, ತಿರುಗ್ತದೆ. ನೀನು ಅಡ್ಡ ಓದೆ, ಅದು ಬಾಯಾಕ್ತು."

"ಹೊರೆ ನಿಮ್ದೇ ಬುದ್ದಿ, ನಾನು ಒತ್ಕೊಂಡು ಬತ್ತಿದ್ದೆ."

"ಓಗ್ ಓಗು, ಸುಣ್ಣ ಬೆಲ್ಲ ಮೆತ್ಕೋ."

ಅಂದಿನಿಂದ ಮುದ್ದಮ್ಮ ಕೂಲಿಗೆ ಹೋಗಲಿಲ್ಲ. ಕೆಂಚ ಎದ್ದರೆ ಎದ್ದಳು, ನಡೆದರೆ ಕುಂಟಿಕೊಂಡು ಹಿಂದೆಯೇ ನಡೆದಳು. ಅದು ಕೆರೆ ಏರಿಗೆ ಹೋದರೆ ಏರಿಗೆ, ಕಣಕ್ಕೆ ಹೋದರೆ ಕಣಕ್ಕೆ. ನಾಯಿ ನಾಲಗೆ ಚಾಚಿದರೆ ಬಗ್ಗಿ ಅದರ ಬಾಯಿ ನೋಡುತ್ತಿದ್ದಳು. ಜೊಲ್ಲು ಜಾಸ್ತಿಯಾಯಿತೇ? ಬಾಲ ಕೆಳಗೆ ಬಿತ್ತೇ? ಯಾಕೆ ಹಾಗೆ ಸುಮ್ಮನೆ ನಿಂತಿತು? ಕೆಂಚ ಊರೊಳಗೆ ನುಗ್ಗಿ ಈಶ್ವರನ ಗುಡಿಯ ಅಂಗಳದಲ್ಲಿ ಹೊರಳಾಡಿ, ಯಾರದೋ ಪಡಸಾಲೆ ಹತ್ತಿ ಇನ್ನೊಂದು ಬಾಗಿಲಿಂದ ಇಳಿದು ಹೋಗುತ್ತಿತ್ತು. ಮುದ್ದಮ್ಮ ಅರಳಿಕಟ್ಟೆಯ ಈಚೆಗೇ ನಿಲ್ಲಬೇಕು. ಅಲ್ಲಿಂದಾಚೆಗೆ ಅವಳಿಗೆ ದಾರಿಯಿಲ್ಲ. ನಾಯಿ ಯಾವ ಓಣಿಯಿಂದ ಹೊರಬೀಳುತ್ತದೋ ಎಂದು ಊರ ಸುತ್ತ ಬಳಸಿಕೊಂಡು ಓಡುತ್ತಿದ್ದಳು. ಜನ ನಕ್ಕರು. "ನಾಯಿ ಕಾಯೋಕೆ ಆಳು ಇಟ್ಟವ್ರೆ ಗೌಡ್ರು" ಎಂದರು.

ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಕೆಂಚನಿಗೆ ಹಾಕತೊಡಗಿದಳು, ಕಣ್ಣ ಮುಂದೆಯೇ ಇರಲಿ ಎಂದು. ಲಕ್ಕಯ್ಯನಿಗೆ ರೇಗಿತು.

"ಕಚ್ಚಿದ್ ನಾಯ್ಗೆ ಇಟ್ಟಿಕ್ತೀಯಲ್ಲ, ನಿಂಗೇನು ಈಗ್ಲೇ ಉಚ್ಚು ಇಡೀತಾ?"

"ಅದು ಉಂಡ್ರೆ ನಾನು ಬದುಕ್ತೀನಿ ಕಣ. ಸುಮ್ಕಿರು."

ಬೆಳಗಾಗೆದ್ದು ಮೊದಲು ಚೆಂಬಿನ ನೀರನ್ನು ದಿಟ್ಟಿಸುತ್ತಿದ್ದಳು. ಕುಡಿದು ಗಂಟಲಲ್ಲಿ ಇಳಿಯಿತೆಂದು ಖಾತ್ರಿಯಾದ ಮೇಲೆ ಬೇಲಿಗೆ ಓಡುತ್ತಿದ್ದಳು.

ಒಂದು ಬೆಳಗ್ಗೆ ಜಗಲಿ ಖಾಲಿಯಿತ್ತು. ಕೆರೆ ಏರಿಯಲ್ಲಿ ಇಲ್ಲ, ಕಣದಲ್ಲಿ ಇಲ್ಲ, ಬಣವೆಗಳ ಸಂದಿಯಲ್ಲೂ ಇಲ್ಲ. ಮುದ್ದಮ್ಮ ಮತ್ತೆ ಬೇಲಿಗೆ ಓಡಿಬಂದಳು. ಹಿತ್ತಲಲ್ಲಿ ಹಪ್ಪಳ ಹರವುತ್ತಿದ್ದ ಗೌಡರ ಹೆಂಡತಿ ಬೆಟ್ಟಮ್ಮ ಅವಳನ್ನು ಕಂಡು, ಸುತ್ತ ನೋಡಿ ಬೇಲಿಯ ಹತ್ತಿರ ಬಂದರು.

"ನೀನು ದಿನಾ ಬೇಲೀಲಿ ನಿಂತ್ಕಳಾದು ನಮ್ಮೋರ್ಗೆ ಸರಿಬರ್ನಿಲ್ಲ ಕಣಮ್ಮಿ. ಗೊರೂರ್ಗೆ ಓಗೋ ಲಾರೀಲಿ ನಾಯಿನ ಕಳಿಸ್ಬುಟ್ರು. ನಮ್ಮಣ್ಣನ ಮಗ ಪುಟ್ಟರಾಜು ಅವ್ನಲ್ಲ, ಅಣೆಕಟ್ಟೇಲಿ ಮೇಸ್ತ್ರಿ, ಅವ್ನ ಸಿಮೆಂಟು ಶೆಡ್ಡು ಕಾಯೋಕೆ."

"ಚೆಂದಾಗಿತ್ತಾ ಅವ್ವಾ? ಓಗೋವಾಗ ಚೆಂದಾಗಿತ್ತಾ?"

"ಲಾರಿ ಅತ್ತಾಕೆ ಒಲ್ಲೆ ಅಂತಿತ್ತು" ಎಂದರು ಬೆಟ್ಟಮ್ಮ. ಮತ್ತೆ ಒಳಗೆ ಹೋಗಿ ಎರಡು ರೊಟ್ಟಿ ತಂದು ಬೇಲಿಯ ಮೇಲಿಂದ ಅವಳ ಸೆರಗಿಗೆ ಹಾಕಿದರು.

ಲಕ್ಕಯ್ಯ ಹೊಲಕ್ಕೆ ಹೋಗಿದ್ದ. ಅವನಿಗೆ ಹೇಳಿ ಹೋಗುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಪಕ್ಕದ ಗುಡಿಸಲಿನವರಿಗೆ ಒಂದು ಮಾತು ಹೇಳಿ ಅರಕಲಗೂಡಿನ ದಾರಿ ಹಿಡಿದಳು. ಅಲ್ಲಿ ಬಸ್ಸು ಹತ್ತಿದಳು. ಕೂರಲು ಜಾಗವಿದ್ದರೂ ಕಂಬಿ ಹಿಡಿದು ನಿಂತೇ ಇದ್ದಳು, ಕೂತರೆ ಬಸ್ಸು ನಿಧಾನವಾಗುತ್ತದೆ ಎಂಬಂತೆ.

ಗೊರೂರಿನಲ್ಲಿ ಅಣೆಕಟ್ಟಿನ ಕೆಲಸ ಆಗಷ್ಟೇ ಶುರುವಾಗಿತ್ತು. ಧೂಳು, ಲಾರಿ, ಕಲ್ಲೊಡೆಯುವ ಸದ್ದು, ತಗಡಿನ ಶೆಡ್ಡುಗಳು, ಸೋಗೆಯ ಜೋಪಡಿಗಳು. ಪುಟ್ಟರಾಜು ಸಿಕ್ಕಿದ. ನಾಯಿಯ ಮಾತೆತ್ತಿದರೆ ಅವನಿಗೆ ನಗು. "ಇಳಿಸ್ತಿದ್ದಂಗೇ ಕಿತ್ಕೊಂಡು ಓಯ್ತು. ಎಲ್ಲೋ ತಿರುಗ್ತಾ ಇರ್ತದೆ. ನಾಯಿಗೇನು ಎಲ್ಲಾದ್ರೂ ಉಣ್ತದೆ."

ಮಾವನ ಬಾಯಿಂದ ಬಿದ್ದ ಮಾತೇ ಅಳಿಯನ ಬಾಯಲ್ಲೂ. ಮುದ್ದಮ್ಮ ಜೋಪಡಿಗಳ ಸಾಲಿಗೆ ನುಗ್ಗಿದಳು. ಕೆಂಪು ನಾಯಿ, ಕಿವಿ ಮುರಿದದ್ದು, ಕಂಡಿರಾ ಎಂದು ಕೇಳುತ್ತ ಹೋದಳು. ಕೆಲವರಿಗೆ ಕನ್ನಡವೇ ತಿಳಿಯಲಿಲ್ಲ. ಹೊತ್ತು ಇಳಿಯುತ್ತಿತ್ತು. ಇನ್ನು ಹಾಸನದ ಬಸ್ಸು ಹಿಡಿಯಬೇಕು, ಕೈಯಲ್ಲಿ ಏನೂ ಉಳಿದಿಲ್ಲ, ತಾನು ಸತ್ತರೆ ಲಕ್ಕಯ್ಯನಿಗೆ ಹೆಣ ಸಿಗುವುದು ಕೂಡ ಯಾವಾಗಲೋ ಎಂದುಕೊಳ್ಳುತ್ತ ಹೊಳೆಯ ಕಡೆಗೆ ಇಳಿದಳು. ಅಲ್ಲಿ ಹೊಟ್ಟೆಯ ಮಟ್ಟ ನೀರಿನಲ್ಲಿ ನಿಂತು ಕೆಂಚ ಲೊಚಲೊಚ ನೀರು ಕುಡಿಯುತ್ತಿತ್ತು.

ಮುದ್ದಮ್ಮ ಮರಳ ಮೇಲೆ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾಯಿ ಬಂದು ಮೈ ಕೊಡವಿ ಅವಳನ್ನು ತೋಯಿಸಿತು.

ಡಾಕ್ಟರು ಹೇಳಿದ ಗಡುವು ಇನ್ನೂ ಮುಗಿದಿರಲಿಲ್ಲ. ಜಲ್ಲಿ ಹೊರುವ ಹೆಂಗಸರ ಗುಂಪಿನಲ್ಲಿ ಮಾಯಮ್ಮ ಎಂಬ ಚನ್ನರಾಯಪಟ್ಟಣದ ಕಡೆಯವಳೊಬ್ಬಳು ಅವಳ ಕತೆ ಕೇಳಿ ತನ್ನ ಜೋಪಡಿಯಲ್ಲಿ ಜಾಗ ಕೊಟ್ಟಳು. ಮಾರನೆಯ ದಿನದಿಂದ ಮುದ್ದಮ್ಮ ಜಲ್ಲಿ ಬುಟ್ಟಿ ಹೊತ್ತಳು. ಹೊರುತ್ತಲೇ ಕಣ್ಣು ಕೆಂಚನ ಮೇಲೆ. ಬುಟ್ಟಿ ಸುರಿದು ತಿರುಗುವಷ್ಟರಲ್ಲಿ ನಾಯಿ ಕಾಣದಿದ್ದರೆ ಹೊಳೆಯವರೆಗೂ ಓಡಿ ನೋಡಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ಕೆಂಚ, ಮಣ್ಣಿನಲ್ಲಿ ಆಡುತ್ತಿದ್ದ ಮಾಯಮ್ಮನ ಕೂಸಿನ ಮೇಲೆ ಎಗರಿತು. ಹಲ್ಲಿಗೆ ಅಂಗಿ ಸಿಕ್ಕಿತು, ಮೈಗೆ ತಾಕಲಿಲ್ಲ. ಮುದ್ದಮ್ಮ ಬುಟ್ಟಿ ಸಮೇತ ಪುಟ್ಟರಾಜುವಿನ ಮುಂದೆ ಹೋಗಿ ನಿಂತಳು.

"ಸಾ, ನಾಯಿನ ಕಟ್ಟಾಕಿ."

"ಕಟ್ಟಾಕ್ತೀನಿ ಓಗು, ನಾಳೆ ನೋಡಾನ."

"ನಾಳೆ ಅಲ್ಲ, ಈಗ್ಲೇ. ಕಚ್ಚೋ ನಾಯ್ಗಿಂತ ನಿಮ್ಮ ಈ ನಾಳೆ ಕೆಟ್ಟದ್ದು" ಎಂದು ಬುಟ್ಟಿಯನ್ನು ಅವನ ಕಾಲ ಬಳಿ ಕುಕ್ಕಿದಳು.

ಇಂಥ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಆದರೆ ಅವಳ ಹಿಂದೆ ಮಾಯಮ್ಮನ ಬುಟ್ಟಿಯೂ ಕೆಳಗಿಳಿಯಿತು, ಮತ್ತೊಬ್ಬಳದೂ ಇಳಿಯಿತು. ಸಾಲೇ ನಿಂತಿತು. ಮೇಲೆ ಕಾಂಕ್ರೀಟು ಕಲಸುವವರು ಜಲ್ಲಿ ಎಲ್ಲಿ ಎಂದು ಕೂಗತೊಡಗಿದರು. ಪುಟ್ಟರಾಜು ಅತ್ತಿತ್ತ ನೋಡಿ, ಲಾರಿಯ ಹಗ್ಗ ತರಿಸಿ ತಾನೇ ಕೆಂಚನನ್ನು ಶೆಡ್ಡಿನ ಕಂಬಕ್ಕೆ ಕಟ್ಟಿದ. ನಾಯಿ ಒಂದು ಗಳಿಗೆ ಊಳಿಟ್ಟು, ನೆರಳಿನಲ್ಲಿ ಮಲಗಿತು.

ಗಡುವು ಮುಗಿಯಿತು. ನಾಯಿಗೆ ಏನೂ ಆಗಲಿಲ್ಲ, ಮುದ್ದಮ್ಮನಿಗೂ ಆಗಲಿಲ್ಲ. ಲಕ್ಕಯ್ಯ ಹುಡುಕಿಕೊಂಡು ಬಂದಾಗ ಅವಳು ವಾರದ ಬಟವಾಡೆಯ ಸಾಲಿನಲ್ಲಿ ನಿಂತಿದ್ದಳು.

"ಬದ್ಕಿದ್ದೀಯಲ್ಲ, ನಡಿ ಊರಿಗೆ" ಎಂದ. ಅವನ ಕಣ್ಣು ಕೆಂಪಾಗಿತ್ತು.

ಮುದ್ದಮ್ಮ ಅವನ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು. "ಊರಲ್ಲಿ ಯಾವ್ ಓಣೀಲಿ ನಿಲ್ಬೇಕು, ಎಲ್ಲಿಂದ ಸುತ್ತಾಕ್ಕೊಂಡು ಓಡ್ಬೇಕು ಅಂತ ಯೋಚ್ನೆ ಮಾಡಿ ಮಾಡಿ ಸಾಕಾಗೋಯ್ತು ಕಣ. ಇಲ್ಲಿ ಗಂಡಾಳಿಗೂ ಕೆಲ್ಸ ಐತಂತೆ. ಒಂದ್ ವಾರ ನೋಡು."

ಲಕ್ಕಯ್ಯ ಗೊಣಗಿದ. ಊರು, ಗುಡಿಸಲು, ಎರಡು ಕೋಳಿ ಎಂದೆಲ್ಲ ಹೇಳಿದ. ಕೊನೆಗೆ ಟವೆಲು ಕೊಡವಿ ಮಾಯಮ್ಮನ ಜೋಪಡಿಯ ಮುಂದೆ ಕೂತ. ಆ ವಾರ ಹೋಗಿ ಇನ್ನೊಂದು ವಾರ ಬಂತು, ಮಳೆಗಾಲದ ಹೊತ್ತಿಗೆ ಅವರದೇ ಒಂದು ಸೋಗೆ ಮಾಡು ಎದ್ದಿತು. ಕೆಂಚ ಶೆಡ್ಡಿನ ಕಂಬದಲ್ಲೇ ಇತ್ತು, ಅದರ ಹಿಂದೆ ಓಡುವ ಕೆಲಸ ಇನ್ನಿರಲಿಲ್ಲ. ಆದರೂ ಮುದ್ದಮ್ಮನಿಗೆ ಆ ಮಾಡಿನ ಕೆಳಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಬಾಗಿಲಿಗೆ ಬರುವಳು, ಹೊಳೆ ನೋಡುವಳು, ಒಲೆ ನೋಡುವಳು, ಮತ್ತೆ ಬಾಗಿಲಿಗೆ ಬರುವಳು. ಲಕ್ಕಯ್ಯ ಏನು ಹುಡುಕುತ್ತಿದ್ದೀಯೆ ಎಂದು ಕೇಳಿದರೆ, "ಏನೂ ಇಲ್ಲ, ಉಣ್ಣೋಕೆ ಏಳು" ಎನ್ನುವಳು.