ಮರಳನ್ನು ಓರಣ ಮಾಡಿದಾಕೆ

ಹೋಟೆಲೊಂದರ ಮೂರನೇ ಮಹಡಿಯ ಕೋಣೆಗಳನ್ನು ಚೊಕ್ಕಟವಾಗಿಡುವುದು ಆಕೆಯ ಕೆಲಸ. ಮದುವೆಯಾದ ಮರುವರ್ಷ ಸೇರಿದ್ದು. ಈಗ ಮಗಳ ಮಗಳು ಶಾಲೆಗೆ ಹೋಗುತ್ತಾಳೆ. ಹಾಸಿಗೆಯ ಹೊದಿಕೆಯನ್ನು ಒಂದು ಸುಕ್ಕೂ ಇಲ್ಲದಂತೆ ಎಳೆದು ಮಡಿಸುವುದರಲ್ಲಿ ಆ ಕೈಗೆ ಸಾಟಿಯಿಲ್ಲ. ಆ ಕೈಗೆ ರಜೆಯೆಂಬುದೂ ಗೊತ್ತಿಲ್ಲ. ನೆಂಟರ ಮನೆಗೆ ಹೋದರೂ ಮಾತಾಡುತ್ತಲೇ ಅವರ ಮೇಜಿನ ಮೇಲಿನ ಪತ್ರಿಕೆಗಳನ್ನು ಜೋಡಿಸಿಟ್ಟು ಬರುತ್ತಾಳೆ. "ಅತ್ತೆ ಬಂದು ಹೋದ್ಮೇಲೆ ನನ್ನ ಚಪ್ಪಲಿ ನನಗೇ ಸಿಗಲ್ಲ" ಎಂದು ಅಳಿಯ ನಗುತ್ತಾನೆ.

ಕೆಲಸ ಕಲಿಸಿದ ಇನ್ನೊಂದು ಪಾಠವೂ ಇತ್ತು. ಕೋಣೆಯಲ್ಲಿ ಏನಾದರೂ ಒಡೆದರೆ, ಕಾಣೆಯಾದರೆ, ಮೊದಲು ಬಾಯಿ ತೆರೆದವರ ತಲೆಗೇ ಅದು ಸುತ್ತಿಕೊಳ್ಳುತ್ತದೆ. ಹಾಗಾಗಿ ವಿಚಾರಣೆಯ ಹೊತ್ತಿನಲ್ಲಿ ಕೆಲಸದವರೆಲ್ಲ ನೆಲ ನೋಡುತ್ತ ನಿಲ್ಲುತ್ತಾರೆ. ಆಕೆಯೂ ಎಷ್ಟೋ ಸಲ ಹಾಗೆ ನಿಂತಿದ್ದಾಳೆ.

ವಾರದ ರಜೆಯ ದಿನ ಮಗಳು, ಅಳಿಯ, ಮೊಮ್ಮಗಳ ಜೊತೆ ಕಡಲ ದಂಡೆಯ ಪಕ್ಷಿಧಾಮಕ್ಕೆ ಹೋದಳು. ಜೌಗಿನ ಮೇಲೆ ಮರದ ಹಲಗೆಯ ದಾರಿ, ಮಕ್ಕಳ ಎತ್ತರಕ್ಕೆ ತಗ್ಗಿಸಿ ಕೂರಿಸಿದ ದುರ್ಬೀನುಗಳು, ಎಲ್ಲ ಮುಗಿದ ಮೇಲೆ ಬಯಲು ಮರಳು. ಮೊಮ್ಮಗಳು ಒಂದು ಫಲಕಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಲು ಹೋಗಿ ಕಾವಲುಗಾರನಿಂದ ಆಗಲೇ ಒಮ್ಮೆ ಬೈಸಿಕೊಂಡಿದ್ದಳು.

"ನನ್ನ ಕಾಲು ಕೇಳಲ್ಲ, ನೀವು ಹೋಗ್ಬನ್ನಿ" ಎಂದು ಆಕೆ ಮರಳಿನಲ್ಲೇ ಕೂತಳು. ಉಳಿದವರು ವೀಕ್ಷಣಾ ಗೋಪುರದ ಕಡೆ ಹೊರಟರು. ಚಪ್ಪಲಿಯಲ್ಲಿ ಮರಳು ಹೊಕ್ಕಿತೆಂದು ಮೊಮ್ಮಗಳು ಸ್ವಲ್ಪ ಹಿಂದೆ ಉಳಿದು, ಆಮೇಲೆ ಓಡಿ ಅವರನ್ನು ಸೇರಿಕೊಂಡಳು.

ಕೂತದ್ದು ಗಳಿಗೆಯಷ್ಟೇ. ಬಾಟಲಿಯ ಮುಚ್ಚಳ, ಹರಿದ ಬಲೆಯ ಚೂರು, ಬಿಸ್ಕತ್ತಿನ ಕಾಗದ, ಕಂಡದ್ದನ್ನೆಲ್ಲ ಆರಿಸಿ ಕಸದ ತೊಟ್ಟಿಗೆ ಹಾಕಿದಳು. ತುಸು ಆಚೆ ನಾಲ್ಕು ಕಡ್ಡಿ ನೆಟ್ಟು ಸುತ್ತಲೂ ದಾರ ಎಳೆದಿತ್ತು. ಒಳಗೆ ಬೆಣಚುಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಯಾರದೋ ಮಕ್ಕಳು ಆಡಿ ಬಿಟ್ಟುಹೋಗಿರಬೇಕು. ದಾರ ಸುತ್ತಿ, ಕಡ್ಡಿ ಕಿತ್ತು, ಒಟ್ಟಿಗೆ ಕಟ್ಟಿ ಅದನ್ನೂ ತೊಟ್ಟಿಗೆ ಹಾಕಿದಳು. ಮರಳೀಗ ಕಣ್ಣಿಗೆ ಹಿತವಾಗಿತ್ತು.

"ಅಜ್ಜೀ, ಕೊಕ್ಕು ನೋಡ್ಬೇಕಿತ್ತು ನೀನು, ಇಷ್ಟುದ್ದ!" ಗೋಪುರ ಇಳಿದ ಮೊಮ್ಮಗಳು ಆ ಜಾಗದ ಮೇಲೆಯೇ ಹಾದು ಓಡಿ ಬಂದಳು. ಹಿಂದೆಯೇ ಕಾವಲುಗಾರ ಕೂಗುತ್ತ ಬಂದು ಮೊಣಕಾಲೂರಿದ. ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಗಳಿದ್ದವು. ಒಂದು ಉಳಿದಿತ್ತು. ಒಡೆದವುಗಳ ಲೋಳೆ ಮರಳಿಗೆ ಇಂಗುತ್ತಿತ್ತು. ದೂರದಲ್ಲಿ ಪುಟ್ಟ ಹಕ್ಕಿಯೊಂದು ಅತ್ತಿತ್ತ ಓಡುತ್ತ ಕೂಗುತ್ತಿತ್ತು.

"ಬೇಲಿ ಕಿತ್ತಿದ್ಯಾರು?" ಎಂದವನೇ ಹುಡುಗಿಯ ಕಡೆ ನೋಡಿದ. "ನೀನೇ ಅಲ್ವಾ ಆಗ ಹಗ್ಗ ಬಿಚ್ತಿದ್ದೋಳು?"

"ನಾನು ಮುಟ್ಟೇ ಇಲ್ಲ!"

ಅಷ್ಟರಲ್ಲಿ ಗೋಪುರದಿಂದ ಬಂದು ಸೇರಿದ್ದ ಮಗಳ ಮುಖ ಕೆಂಪಾಯಿತು. "ಸುಳ್ಳು ಬೇರೆ. ಹೋಗುವಾಗ ಹಿಂದೆ ಉಳ್ಕೊಂಡಿದ್ದು ಯಾರು ಮತ್ತೆ?"

"ನಾನಲ್ಲಮ್ಮ! ಅಜ್ಜಿ ಇಲ್ಲೇ ಇದ್ಳಲ್ಲ, ಕೇಳು ಬೇಕಾದ್ರೆ."

ಎಲ್ಲರೂ ಆಕೆಯತ್ತ ತಿರುಗಿದರು. ಆಕೆ ನೆಲ ನೋಡಿದಳು. "ನಾನು ಗಮನಿಸ್ಲಿಲ್ಲ" ಎಂಬ ಮಾತು ತಾನಾಗಿಯೇ ಹೊರಬಂತು.

ಬಿಕ್ಕುತ್ತಲೇ ಮಗು "ತಪ್ಪಾಯ್ತು ಅಂಕಲ್" ಎಂದಿತು. ಅಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು.

ಹಲಗೆಯ ದಾರಿಯಲ್ಲಿ ಆಕೆ ಎಲ್ಲರಿಗಿಂತ ಹಿಂದೆ ನಡೆದಳು. ವಾತಾವರಣ ತಿಳಿಯಾಗಲೆಂದು ಅಳಿಯ ಹಿಂದಿರುಗಿ ನೋಡಿ ನಕ್ಕ: "ಬಿಡಿ ಅತ್ತೆ, ನಿಮ್ಮ ಮೊಮ್ಮಗಳಲ್ವಾ. ಕೈ ಸುಮ್ನಿರುತ್ತಾ?"

ಆಕೆಯ ಕಾಲು ಅಲ್ಲೇ ನಿಂತಿತು.

"ಕಿತ್ತಿದ್ದು ನಾನು" ಎಂದಳು. "ಕಸ ಅಂದ್ಕೊಂಡೆ."

ಮಗಳು ಹಿಡಿದಿದ್ದ ಮಗುವಿನ ರಟ್ಟೆ ಬಿಟ್ಟಳು. ಆಕೆ ಯಾರ ಉತ್ತರಕ್ಕೂ ಕಾಯದೆ ಬಂದ ದಾರಿಯಲ್ಲೇ ತಿರುಗಿದಳು, ಉಳಿದವರು ಹಿಂಬಾಲಿಸಿದರು. ಕಾವಲುಗಾರನಿಗೆ ತೊಟ್ಟಿ ತೋರಿಸಿ ಎಲ್ಲ ಹೇಳಿದಳು. ಆತ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ತಿಳೀದೆ ಮಾಡಿದ್ರಿ, ಅದಕ್ಕೇನೂ ಅನ್ನಲ್ಲಮ್ಮ. ಆದ್ರೆ ಆಗ್ಲೇ ಒಂದ್ಮಾತು ಹೇಳಿದ್ರೆ ಈ ಮಗು ಮೇಲೆ ನಾನ್ಯಾಕೆ ರೇಗ್ತಿದ್ದೆ?"

ಅದನ್ನೇ ಮೊಮ್ಮಗಳೂ ಕೇಳಿದಳು. "ಆಗ್ಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೆದರಿಕೆ ಆಯ್ತು ಪುಟ್ಟಿ."

"ಹೇಳಿದ್ರೆ ಇವ್ರು ಏನ್ ಮಾಡ್ತಿದ್ರು?"

ಆಕೆ ಯೋಚಿಸಿದಳು. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

"ಏನೂ ಮಾಡ್ತಿರ್ಲಿಲ್ಲ."

ಮಗು ತಲೆ ತಗ್ಗಿಸಿ ಚಪ್ಪಲಿಯ ತುದಿಯಿಂದ ಮರಳು ಕೆದಕಿತು. "ಹೊತ್ತಾಯ್ತು, ಅಜ್ಜಿ ಕೈ ಹಿಡ್ಕೋ, ಹಲಗೆ ಜಾರುತ್ತೆ" ಎಂದಳು ಅಮ್ಮ. ಹೇಳಿದ್ದಕ್ಕೆ ಮಗು ಕೈ ಕೊಟ್ಟಿತು. ಬೆರಳು ಮಾತ್ರ ಮಡಚಲಿಲ್ಲ. ಜಾರಿಹೋಗದಂತೆ ಆ ಅಂಗೈಯನ್ನು ಆಕೆಯೇ ಹಿಡಿದುಕೊಂಡು ನಡೆದಳು.