ನೀಲವ್ವ ಕಾಕು ಕೇಳುವ ಪ್ರಶ್ನೆ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ನೀಲವ್ವನ ಎದುರು ಬಾಯಿಗೆ ಬಂದದ್ದನ್ನು ಹೇಳಿ ಪಾರಾದವರಿಲ್ಲ. ಬಾಗಿಲಲ್ಲಿ ಬೇಳೆ ಆರಿಸುತ್ತಾ ಕೂತಿರುತ್ತಾರೆ. ಬೆಕ್ಕು ಅಡ್ಡ ಬಂದು ಲೋಕಲ್ ರೈಲು ತಪ್ಪಿತು ಎಂದರೆ, "ಬೆಕ್ಕು ಬರದ ದಿನ ಎಂದೂ ತಪ್ಪಿಲ್ಲೇನಪಾ?" ಎನ್ನುತ್ತಾರೆ. ಹೊಸ ವಾಚ್‌ಮನ್ ಬಂದ ಮೇಲೆ ಪಂಪ್ ಕೆಟ್ಟಿತು ಎಂದರೆ, "ಆಂವ ಬಂದ ಮ್ಯಾಲ ಮಳಿನೂ ಬಂತು. ಅದನ್ನೂ ಅವನೇ ತಂದನೇನು?" ಸೊಸೈಟಿ ಸೆಕ್ರೆಟರಿಯೂ ಅವರನ್ನು ಕಂಡರೆ ಮಾತು ನುಂಗುತ್ತಾರೆ. ಮದುವೆಯಾದ ತಿಂಗಳಲ್ಲೇ ಕಾಕುವಿನ ಒಬ್ಬನೇ ಮಗ ಎದೆನೋವಿನಿಂದ ತೀರಿಕೊಂಡ. ನೆಂಟರು ಸೊಸೆ ಪ್ರಾಜಕ್ತಾಳ ಕಾಲ್ಗುಣ ಸರಿಯಿಲ್ಲವೆಂದು, ಅವಳನ್ನು ತವರಿಗೆ ಕಳಿಸಲು ಬ್ಯಾಗು ತುಂಬಿದರು. ಕಾಕು ಅಳುತ್ತಲೇ ಎದ್ದು ಬ್ಯಾಗು ಕಸಿದುಕೊಂಡರು. "ಆಕಿ ಬಂದ ಮ್ಯಾಲ ಸತ್ತ, ಖರೆ. ಆಕಿ ಬಂದಿದ್ದಕ್ಕ ಸತ್ತ ಅಂತ ಹೆಂಗ ಹೇಳ್ತೀರಿ?" ಈಗ ಆ ಬಾಗಿಲಲ್ಲಿ ಇಬ್ಬರು ಕೂತು ಬೇಳೆ ಆರಿಸುತ್ತಾರೆ.