ಗಾಳಿಪಂಪು ಮತ್ತು ಕೆಂಪು ಅಂಕಿ

ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಯಾರಾದರೂ ಸೈಕಲ್ಲಿಗೆ ಗಾಳಿ ತುಂಬುವ ಆ ಪುಟ್ಟ ಬ್ಯಾಟರಿ ಪಂಪು ಹಚ್ಚಿದರೆ ಸಾಕು, ಎರಡನೇ ಮಹಡಿಯಲ್ಲಿ ಚಹಾ ಕುಡಿಯುತ್ತಿರುವ ನನ್ನ ಕೈ ಅಲ್ಲೇ ನಿಲ್ಲುತ್ತದೆ. ಗೊರ್ರ್ ಎಂದು ಶುರುವಾಗಿ, ಏರುತ್ತ ಏರುತ್ತ ಹೋಗಿ, ಒಮ್ಮೆಲೇ ನಿಂತುಬಿಡುವ ಸದ್ದು ಅದು. ನಿಲ್ಲುವವರೆಗೆ ಕಪ್ಪು ಬಾಯಿಗೆ ಬರುವುದಿಲ್ಲ. ಅಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿರುತ್ತದೆ. "ಅದೇನು ಬಾಂಬೇನ್ರಿ, ಹಂಗ ಹೆದರತೀರಿ?" ಎಂದು ಹೆಂಡತಿ ನಗುತ್ತಾಳೆ. ನಗಲಿ. ಆ ಸದ್ದಿನ ಕೊನೆಗೆ ಏನಾಯಿತು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವಳು ಕಂಡಿಲ್ಲ.

ಕೇಳುವ ಪುರುಸೊತ್ತಿದ್ದರೆ ಮೊದಲಿನಿಂದ ಹೇಳುತ್ತೇನೆ. ನಾನು ವಿಜಯಪುರದವನು, ವಿಲೆ ಪಾರ್ಲೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಐವತ್ತು ದಾಟಿದ ಮೇಲೆ ಡಾಕ್ಟರು ಸೈಕಲ್ ಹೊಡೆಯಿರಿ ಎಂದರು. ಅವರು ಹೇಳಿದ್ದು ಸೈಕಲ್ ಹೊಡೆಯಲಿಕ್ಕೆ ಮಾತ್ರ. ನಾನು ಅದರ ಜೊತೆಗೆ ತೆಳು ಟಯರಿನ ದುಬಾರಿ ಸೈಕಲ್ಲು, ಹೆಲ್ಮೆಟ್ಟು, ಬೆರಳಿಲ್ಲದ ಕೈಗವಸು, ಸೈಕಲ್ಲಿನ ಬಗ್ಗೆ ಯಾರು ಸಿಕ್ಕರೂ ಉಪದೇಶ ಮಾಡುವ ಚಟ, ಇಷ್ಟನ್ನೂ ಕೊಂಡುಕೊಂಡೆ. ಪ್ರತಿ ಭಾನುವಾರ ಬೆಳಿಗ್ಗೆ ಸವಾರಿ ಹೊರಡುವ ಮುಂಚೆ ಗಾಳಿ ಹಾಕಿಸಲು ಸ್ಟೇಶನ್ ಕಡೆಯ ಗಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ಈರಣ್ಣ ಇದ್ದರು.

ಈರಣ್ಣ ನನಗಿಂತ ಹತ್ತು ವರ್ಷ ದೊಡ್ಡವರು, ಸಿಂದಗಿ ಕಡೆಯವರು. ಒಂದು ಹಳೆಯ ಕಂಪೌಂಡ್ ಗೋಡೆಗೆ ಆನಿಸಿ ಇಟ್ಟ ಕಟ್ಟಿಗೆಯ ಪೆಟ್ಟಿಗೆ, ನೀರು ತುಂಬಿದ ತಗಡಿನ ಬುಟ್ಟಿ, ಮೇಲೆ ನೀಲಿ ತಾಡಪತ್ರಿ, ಇದು ಅವರ ಪಂಕ್ಚರ್ ಅಂಗಡಿ. ಪೆಟ್ಟಿಗೆಗೆ ಸರಪಳಿ ಹಾಕಿ ಕಟ್ಟಿದ ಒಂದು ಎತ್ತರದ ಕಬ್ಬಿಣದ ಪಂಪು. ಅದರ ಕಟ್ಟಿಗೆಯ ಹಿಡಿಕೆ ಎಷ್ಟು ಕೈ ಕಂಡಿತ್ತೋ, ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಅಲ್ಲಿಯ ಪದ್ಧತಿ ಒಂದೇ. ಪಂಕ್ಚರಿಗೆ ದುಡ್ಡು, ಗಾಳಿ ಪುಕ್ಕಟೆ, ಆದರೆ ಗಾಳಿ ನೀವೇ ಹೊಡೆದುಕೊಳ್ಳಬೇಕು. ನೀವು ಹೊಡೆಯುತ್ತಿರುವಾಗ ಈರಣ್ಣ ಕುಕ್ಕರಗಾಲಿನಲ್ಲಿ ಕೂತು ಟಯರಿನ ಮೇಲೆ ಹೆಬ್ಬೆರಳು ಇಟ್ಟಿರುತ್ತಿದ್ದರು. ಹೆಬ್ಬೆರಳಿಗೆ ಒಪ್ಪಿಗೆಯಾದಾಗ "ಸಾಕ್ರಿ" ಎನ್ನುತ್ತಿದ್ದರು. ಆ "ಸಾಕ್ರಿ" ಆದ ಮೇಲೆ ಇನ್ನೊಂದು ಸಲ ಒತ್ತಿದರೂ ಅವರಿಗೆ ಸಿಟ್ಟು ಬರುತ್ತಿತ್ತು.

ನನ್ನನ್ನು ಕಂಡರೆ ಅವರಿಗೆ ಬಹಳ ಮರ್ಯಾದೆ ಎಂದು ನಾನು ತಿಳಿದಿದ್ದೆ. ಇಪ್ಪತ್ತು ಹೆಜ್ಜೆ ದೂರ ಇರುವಾಗಲೇ "ಬರ್ರಿ ಸಾಹೇಬ್ರ" ಎಂದು ಕೂಗುತ್ತಿದ್ದರು. ಮುಖ ನೋಡಿ ಮಾತಾಡುವವರಲ್ಲ, ತಲೆ ಬಗ್ಗಿಸಿ ಟಯರಿನ ಜೊತೆಗೇ ಮಾತಾಡುತ್ತಾರೆ ಅನ್ನಿಸುತ್ತಿತ್ತು. ಇದನ್ನು ನಾನು ಕಾಯಕನಿಷ್ಠೆ ಎಂದು ಮನೆಯಲ್ಲಿ ವರ್ಣಿಸಿದ್ದುಂಟು. ಟ್ಯೂಬಿನಲ್ಲಿ ತೂತು ಹುಡುಕುವಾಗ ನೀರಿನ ಬುಟ್ಟಿಗೆ ಅದ್ದುವ ಮೊದಲು ಅದನ್ನು ಕೆನ್ನೆಯ ಹತ್ತಿರ ಒಯ್ದು ನಿಧಾನವಾಗಿ ತಿರುಗಿಸುತ್ತಿದ್ದರು. ಅರ್ಧ ಸುತ್ತಿಗೆ ಮುಂಚೆಯೇ ತೂತು ಸಿಕ್ಕಿರುತ್ತಿತ್ತು. ಮರಾಠಿ, ಹಿಂದಿಯ ಗದ್ದಲದ ನಡುವೆ ಆ ಗೋಡೆಯ ಬುಡದಲ್ಲಿ ನಮ್ಮಿಬ್ಬರದೇ ಒಂದು ಭಾಷೆ ಇತ್ತಲ್ಲ, ಅದರಿಂದ ಅವರು ನನಗೆ ಎಲ್ಲರಿಗಿಂತ ಹತ್ತಿರದವರು ಎಂಬ ಹೆಮ್ಮೆಯಲ್ಲಿದ್ದೆ. ವರ್ಷಕ್ಕೊಮ್ಮೆ ವಿಜಯಪುರಕ್ಕೆ ಹೋದಾಗ ಸಿಂದಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅವರ ಮಗ ಮಲ್ಲುವಿಗೆ ಇಲ್ಲಿಯ ಸುದ್ದಿ ಮುಟ್ಟಿಸುವವನೂ ನಾನೇ. ನನ್ನ ಬಾಯಲ್ಲಿ ಸುದ್ದಿ ನಿಲ್ಲುವುದಿಲ್ಲ ಎಂದು ನಮ್ಮ ಬೀಗರ ಪೈಕಿ ಎಲ್ಲರಿಗೂ ಗೊತ್ತು.

ಎರಡು ವರ್ಷದ ಹಿಂದೆ ನಾನು ಆ ಬ್ಯಾಟರಿ ಪಂಪಿನ ಯಂತ್ರ ಕೊಂಡೆ. ಅಂಗೈಯಷ್ಟು ದೊಡ್ಡದು. ಚಾರ್ಜು ಮಾಡಿ, ಸಣ್ಣ ನಳಿಕೆಯನ್ನು ಟಯರಿಗೆ ಸಿಕ್ಕಿಸಿ, ಎಷ್ಟು ಗಾಳಿ ಬೇಕೋ ಅಷ್ಟು ಅಂಕಿ ಹಾಕಿ ಗುಂಡಿ ಒತ್ತಿದರೆ ತಾನೇ ತುಂಬಿ ತಾನೇ ನಿಲ್ಲುತ್ತದೆ. ಅದಕ್ಕೆ ಅನ್ಯಾಯ ಮಾಡಬಾರದು, ಒಳ್ಳೆಯ ವಸ್ತುವೇ. ಹೈವೇ ಮೇಲೆ ಬಿಸಿಲಲ್ಲಿ ಪಂಕ್ಚರಾದಾಗ ಕೈಪಂಪು ಒತ್ತಿ ಒತ್ತಿ ಭುಜ ಬಿದ್ದುಹೋದವನಿಗೆ ಅದರ ಬೆಲೆ ಗೊತ್ತು. ನನಗೆ ಅದು ಎಷ್ಟು ಹಿಡಿಸಿತೆಂದರೆ ಇನ್ನೊಂದನ್ನು ಕೊಂಡು, ಬಣ್ಣದ ಕಾಗದ ಸುತ್ತಿ, ಈರಣ್ಣನವರಿಗೆ ಕಾಣಿಕೆ ಕೊಟ್ಟೆ.

"ಇಷ್ಟು ವರ್ಷ ಆ ಕಬ್ಬಿಣದ ಜೊತೆ ಗುದ್ದಾಡಿದ್ದು ಸಾಕು ಈರಣ್ಣ. ಇದರಾಗ ನಲವತ್ತು ಅಂತ ಹಾಕಿಟ್ಟೀನಿ. ಸಾದಾ ಸೈಕಲ್ಲಿಗೆ ಅಷ್ಟ ಸಾಕು. ಬರೇ ಗುಂಡಿ ಒತ್ತರಿ" ಎಂದೆ.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಲೆ ಮೂಲೆ ಸವರಿದರು. "ಭಾಳ ಹಗುರ ಅದರೀ" ಎಂದರು. ನನ್ನ ಕಣ್ಣು ತುಂಬಿ ಬಂತು, ನನ್ನ ಔದಾರ್ಯಕ್ಕೆ.

ಆಮೇಲಿನ ಭಾನುವಾರಗಳಲ್ಲಿ ನಾನು ಹೋದಾಗೆಲ್ಲ ಯಂತ್ರ ಪೆಟ್ಟಿಗೆಯ ಮೇಲೆ ಇರುತ್ತಿತ್ತು. ನಾನು ಇಲ್ಲದಾಗ ಅದು ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯ ಒಳಗೆ ಮಲಗಿರುತ್ತಿತ್ತು ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ.

ಒಂದು ಭಾನುವಾರ ನನ್ನ ಯಂತ್ರವನ್ನು ಮನೆಯಲ್ಲಿ ಮರೆತು ಬಂದಿದ್ದೆ. ಹಾಗಾಗಿ ಈರಣ್ಣನವರದನ್ನೇ ಎತ್ತಿಕೊಂಡು, ನನ್ನ ತೆಳು ಟಯರಿಗೆ ಬೇಕಾದಂತೆ ಎಂಬತ್ತು ಹಾಕಿ ತುಂಬಿಕೊಂಡೆ, ವಾಪಸ್ ಪೆಟ್ಟಿಗೆಯ ಮೇಲೆ ಇಟ್ಟೆ. ಅಷ್ಟರಲ್ಲಿ ರಫೀಕ್ ಬಂದ. ರಫೀಕ್ ಎಂದರೆ ಬೆಳಿಗ್ಗೆ ಮನೆಮನೆಗೆ ಪಾವ್ ಬ್ರೆಡ್ಡು ಹಾಕುವವನು, ಸೈಕಲ್ಲಿನ ಹಿಂದೆ ಅವನಿಗಿಂತ ದೊಡ್ಡ ಗಂಟು. ಹಿಂದಿನ ಚಕ್ರ ಪಂಕ್ಚರ್. ಈರಣ್ಣ ಟ್ಯೂಬು ಬಿಚ್ಚಿ, ಕೆನ್ನೆಗೆ ಹಿಡಿದು, ತೂತು ಹುಡುಕಿ, ಉಜ್ಜಿ, ಪ್ಯಾಚು ಹಾಕಿ, ಟಯರ್ ಕೂಡಿಸಿದರು. ಆಮೇಲೆ ಅವರ ಕೈ ಅಭ್ಯಾಸದಂತೆ ಕಬ್ಬಿಣದ ಪಂಪಿನ ಕಡೆ ಹೋಗಿದ್ದು, ಅರ್ಧಕ್ಕೆ ನಿಂತು ಯಂತ್ರದ ಕಡೆ ಹೊರಳಿತು. ನಾನು ಅಲ್ಲಿ ನಿಂತಿದ್ದೆನಲ್ಲ, ಅದಕ್ಕೆ. ನಳಿಕೆ ಸಿಕ್ಕಿಸಿ ಗುಂಡಿ ಒತ್ತಿದರು. ಬರೇ ಗುಂಡಿ ಒತ್ತರಿ ಎಂದು ನಾನೇ ಹೇಳಿದ್ದೆನಲ್ಲ, ಟಯರಿನ ಮೇಲೆ ಹೆಬ್ಬೆರಳು ಇಡಲಿಲ್ಲ.

ನಾನಾಗ ಏನು ಮಾಡುತ್ತಿದ್ದೆ ಗೊತ್ತೇ? ಯಂತ್ರ ಬಂದ ಮೇಲೆ ಕೈಗೆ ಎಷ್ಟು ಆರಾಮ ಎಂದು ರಫೀಕನಿಗೆ ಭಾಷಣ ಮಾಡುತ್ತಿದ್ದೆ. ಗೊರ್ರ್ ಎನ್ನುವ ಸದ್ದು ಏರುತ್ತಿತ್ತು. ಟಯರು ಕರಕರ ಎಂದಿದ್ದರೂ ಆ ಸದ್ದಿನಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

ಢಂ ಎಂದಿತು.

ಗಲ್ಲಿಯ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಸೈಕಲ್ಲು ಉರುಳಿ ಗಂಟು ಬಿಚ್ಚಿ, ಪಾವು ರಸ್ತೆಯ ಉದ್ದಕ್ಕೂ ಉದುರಿದವು. ಟಯರಿನ ಬದಿ ಒಂದು ಗೇಣು ಹರಿದಿತ್ತು. ಈರಣ್ಣ ಹಿಂದಕ್ಕೆ ಬಿದ್ದವರು ಗೋಡೆಗೆ ಆನಿಕೊಂಡು ಕೂತಿದ್ದರು, ಎರಡೂ ಕೈ ಮುಖಕ್ಕೆ ಅಡ್ಡ. ಭಯವಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹಳೆಯ ರೋಗ.

"ಏನ್ ಈರಣ್ಣ, ಎದುರಿಗೆ ಅಂಕಿ ಬರಲಾಕತ್ತಿತ್ತಲ್ಲ, ನೋಡಬಾರದ?" ಎಂದೆ.

"ಎಷ್ಟ್ ಇತ್ರೀ?"

"ಎಂಬತ್ತು! ಇಷ್ಟು ದೊಡ್ಡದು, ಕೆಂಪಗ ಉರೀಲಾಕತ್ತದಲ್ಲ!"

ಈರಣ್ಣ ಕೈ ಕೆಳಗಿಳಿಸಿದರು. ಮುಖ ನನ್ನ ಕಡೆ ಇತ್ತು, ಆದರೆ ನನ್ನ ಭುಜದ ಆಚೆ ಎಲ್ಲೋ ನೆಟ್ಟಿತ್ತು. ಆರು ವರ್ಷದ ಪರಿಚಯದಲ್ಲಿ ಆ ನೋಟವನ್ನು ನಾನು ಅಂದೇ ಮೊದಲು ಗಮನಿಸಿದ್ದು.

"ಕೆಂಪ ಹೋಗಿ ಆರೇಳ ವರ್ಷ ಆತ್ರಿ ಸಾಹೇಬ್ರ" ಎಂದರು ಮೆಲ್ಲಗೆ. "ಆಮ್ಯಾಲ ಉಳಿದದ್ದೂ ಹೋತು. ಈಗ ಬರೇ ಬೆಳಕು, ನೆರಳು."

ಕಾಲ ಕೆಳಗಿನ ನೆಲ ಸರಿದಂತೆ ಆಯಿತು ಎನ್ನುತ್ತಾರಲ್ಲ, ಅದು ಸುಳ್ಳಲ್ಲ, ನಾನು ಹೋಗಿ ಅವರ ಪೆಟ್ಟಿಗೆಯ ಮೇಲೆ ಕೂತೆ. ಇಪ್ಪತ್ತು ಹೆಜ್ಜೆಯ ಆಚೆಯಿಂದ ಬರುತ್ತಿದ್ದ "ಬರ್ರಿ ಸಾಹೇಬ್ರ" ಮರ್ಯಾದೆಯಲ್ಲ, ನನ್ನ ಸೈಕಲ್ಲಿನ ಚೈನು ಮಾಡುವ ಟಿಕಟಿಕ ಸದ್ದಿನ ಗುರುತು. ಟಯರಿನ ಜೊತೆ ಮಾತಾಡುತ್ತಿದ್ದದ್ದು, ಕೆನ್ನೆಗೆ ಟ್ಯೂಬು ಹಿಡಿಯುತ್ತಿದ್ದದ್ದು, ಹೆಬ್ಬೆರಳು, ಎಲ್ಲಕ್ಕೂ ಅಲ್ಲೇ ಅರ್ಥ ಬಂದುಬಿಟ್ಟಿತು. ಕಣ್ಣಿಲ್ಲದ ಮನುಷ್ಯನಿಗೆ ನಾನು ಅಂಕಿ ತೋರಿಸುವ ಯಂತ್ರ ಕೊಟ್ಟಿದ್ದೆ. ಅಂಕಿ ಬದಲಿಸಿ ಹೇಳದೆ ಇಟ್ಟವನೂ ನಾನೇ.

ಅಷ್ಟರಲ್ಲಿ ನನಗೆ ಇನ್ನೊಂದು ಭಯ ಹುಟ್ಟಿತು. ಈ ವಿಷಯ ಗಲ್ಲಿಗೆ ತಿಳಿದರೆ ಇವರ ಹತ್ತಿರ ಇನ್ನು ಯಾರು ಬರುತ್ತಾರೆ? ಅನ್ನವೇ ಹೋಗುತ್ತದೆ. ನಾವು ಆಡಿದ್ದು ಕನ್ನಡದಲ್ಲಿ, ಯಾರಿಗೂ ಅರ್ಥವಾಗಿರಲಿಕ್ಕಿಲ್ಲ. ಪಾವು ಆರಿಸುತ್ತಿದ್ದ ರಫೀಕನನ್ನು ಆಚೆ ಕರೆದೊಯ್ದು, ಅಂಕಿ ತಪ್ಪು ಹಾಕಿದವನು ನಾನು, ಹೊಸ ಟಯರು, ಪಾವು ಎಲ್ಲ ನನ್ನ ಮೇಲಿರಲಿ, ಈರಣ್ಣ ಚಾಚಾನಿಗೆ ಏನೂ ಅನ್ನಬೇಡ ಎಂದು ನನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡೆ.

ರಫೀಕ್ ನನ್ನನ್ನು ವಿಚಿತ್ರವಾಗಿ ನೋಡಿದ. "ಚಾಚಾ ಕೋ ಕ್ಯಾ ಬೋಲೂಂಗಾ ಸಾಬ್? ಉನ್ ಕೋ ದಿಖ್ತಾ ನಹೀಂ, ಸಬ್ ಕೋ ಮಾಲೂಮ್ ಹೈ" ಎಂದ. ಆಮೇಲೆ ಅವನಿಗೇ ಅನುಮಾನ ಬಂತು, ನನಗೆ ಗೊತ್ತಿರಲಿಲ್ಲವೇ ಎಂದು. "ಆಪ್ ಕೋ ಮಾಲೂಮ್ ನಹೀಂ ಥಾ?"

ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು! ಎದುರಿನ ತರಕಾರಿಯವಳು ದಿನಾ ಚಹಾದ ಲೋಟವನ್ನು ಅವರ ಕೈಗೇ ಹಿಡಿಸುತ್ತಿದ್ದಳು. ರಫೀಕ್ ಸಂಜೆ ಅವರನ್ನು ರಸ್ತೆ ದಾಟಿಸಿ ಅವರಿರುವ ಖೋಲಿಯವರೆಗೆ ಬಿಟ್ಟು ಬರುತ್ತಿದ್ದ. ಇಡೀ ಗಲ್ಲಿ ತಿಳಿದೇ ಅವರ ಹತ್ತಿರ ಪಂಕ್ಚರ್ ಹಾಕಿಸುತ್ತಿತ್ತು. ತಿಳಿಯದವನು ಒಬ್ಬನೇ, ಅವರ ಭಾಷೆಯವನು. ಢಂ ಎಂದಾಗ ಕೂಡ ನಾನು ಅಷ್ಟು ಬೆಚ್ಚಿರಲಿಲ್ಲ.

ತಿರುಗಿ ಬಂದು ಅವರ ಪಕ್ಕ ನೆಲದ ಮೇಲೆ ಕೂತೆ. "ನನಗೊಬ್ಬಗ ಯಾಕ ಹೇಳಲಿಲ್ಲ ಈರಣ್ಣ?" ಎಂದೆ.

"ಹ್ಯಾಂಗ್ ಹೇಳ್ಲಿ? ಈ ಗಲ್ಲಿಯವರಿಗಿ ಹೇಳಿದರ ಸುದ್ದಿ ಈ ಗ್ವಾಡಿ ದಾಟೂದಿಲ್ರಿ. ನಿಮಗ ಹೇಳಿದರ ಸಿಂದಗಿ ಮುಟ್ಟತದ. ಮಲ್ಲೂ ಮರುದಿನಾನ ಗಾಡಿ ಹತ್ತಿ ಬಂದು ಕರಕೊಂಡ ಹೋಗ್ತಾನ." ಅವರು ಹರಿದ ಟಯರನ್ನು ಬೆರಳಿನಿಂದ ಅಳೆಯುತ್ತಿದ್ದರು. "ಮಗ ಛಲೋ ಅದಾನ್ರೀ. ಹೊತ್ತಿಗಿ ಸರಿಯಾಗಿ ಊಟಕ್ಕ ಹಾಕ್ತಾನ, ಕಟ್ಟಿ ಮ್ಯಾಲ ಕೂಡಸ್ತಾನ. ಆದರ ಅಲ್ಲಿ ನಾ ಕುರುಡ ಆಗ್ತೀನಿ. ಇಲ್ಲಿ ನಾ ಪಂಕ್ಚರ್ ಈರಣ್ಣ."

"ಮತ್ತ ಆ ಯಂತ್ರ ಯಾಕ ಇಸಕೊಂಡ್ರಿ?"

"ಊರಕಡೆಯವರು ಪ್ರೀತೀಲೆ ಕೊಟ್ಟದ್ದು. ಒಲ್ಲೆ ಅಂದರ ಯಾಕ ಅಂತ ಕೇಳ್ತಿದ್ರಿ."

ಯಂತ್ರವನ್ನು ಅಂದೇ ಮನೆಗೆ ತಂದೆ. ಮಲ್ಲುವಿಗೆ ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ, ಅವರು ಕೇಳಲೂ ಇಲ್ಲ. ನನ್ನ ಬಾಯಿಯ ಗುಣ ಇಬ್ಬರಿಗೂ ಗೊತ್ತಿತ್ತು. ಈ ಒಂದೂವರೆ ವರ್ಷದಲ್ಲಿ ಒಮ್ಮೆ ಊರಿಗೆ ಹೋಗಿ ಬಂದೆ. ಹೊಟ್ಟೆನೋವಿನ ನೆಪ ಹೇಳಿ ಸಿಂದಗಿಗೆ ಹೋಗುವುದನ್ನೇ ತಪ್ಪಿಸಿದೆ.

ಈ ದಿನ ಬೆಳಿಗ್ಗೆ ಕೆಳಗೆ ಆ ಸದ್ದು ನಿಂತು, ಕೆನೆ ಕಟ್ಟಿದ ಚಹಾ ಕುಡಿಯಬೇಕು ಅನ್ನುವಷ್ಟರಲ್ಲಿ ಫೋನ್ ಬಂತು. ಮಲ್ಲು.

"ಕಾಕಾರ, ಅಪ್ಪಾರ ಕಣ್ಣು ಹ್ಯಾಂಗ ಅದಾವ್ರಿ? ಮಾತಿನಾಗ ಯಾಕೋ ಸಂಶೆ ಬರಲಾಕತ್ತದ. ನೀವು ಸುಳ್ಳ ಹೇಳೂದಿಲ್ಲ ನೋಡ್ರಿ, ಅದಕ್ಕ ನಿಮಗ ಕೇಳಲಾಕತ್ತೀನಿ."

ಹೇಳುವುದು ಧರ್ಮವೋ, ಹೇಳದಿರುವುದು ಧರ್ಮವೋ, ನನಗೆ ಈಗಲೂ ಗೊತ್ತಿಲ್ಲ. ಮಗನಿಗೆ ಅಪ್ಪನ ಕಣ್ಣಿನ ಸುದ್ದಿ ತಿಳಿಯಬೇಡವೇ? ನಾಳೆ ರಸ್ತೆಯಲ್ಲಿ ಏನಾದರೂ ಆದರೆ ಈ ಹುಡುಗನಿಗೆ ಯಾವ ಮುಖ ತೋರಿಸಲಿ? ಆದರೆ ಬಾಯಿಂದ ಬಂದದ್ದು ಇದು:

"ಮೊನ್ನೆ ನನ್ನ ಟ್ಯೂಬಿನಾಗ ಸೂಜಿಮೊನೆಯಷ್ಟ ತೂತಿತ್ತು ಮಲ್ಲು. ನಾ ಚಷ್ಮಾ ಹಾಕ್ಕೊಂಡು ಹುಡುಕಿದರೂ ಸಿಗಲಿಲ್ಲ. ನಿಮ್ಮಪ್ಪ ಅರ್ಧ ಸುತ್ತಿನಾಗ ಹಿಡದಕೊಟ್ರು."

ಒಂದಕ್ಷರ ಸುಳ್ಳಿಲ್ಲ. ಮಲ್ಲು ನಕ್ಕು ಫೋನ್ ಇಟ್ಟ.

ಚಹಾ ಹಾಗೇ ಬಿಟ್ಟು ಗಲ್ಲಿಗೆ ಹೋದೆ. "ಬರ್ರಿ ಸಾಹೇಬ್ರ" ಎಂದರು. ಫೋನಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ಈರಣ್ಣ ಕಬ್ಬಿಣದ ಪಂಪಿನ ನಳಿಕೆಯನ್ನು ನನ್ನ ಟಯರಿಗೆ ಸಿಕ್ಕಿಸಿ ಹೆಬ್ಬೆರಳು ಇಟ್ಟರು. ನಾನು ಹೊಡೆಯತೊಡಗಿದೆ. ಹಿಡಿಕೆ ಬಿಗಿಯಾಗುತ್ತ ಬಂದು, ಅಂಗೈಯನ್ನು ಮೇಲಕ್ಕೆ ತಳ್ಳತೊಡಗಿತು.

"ಸಾಕ್ರಿ" ಎಂದರು. ನಿಲ್ಲಿಸಿದೆ.

ಆಮೇಲೆ, ಟಯರಿನ ಮೇಲಿನ ಹೆಬ್ಬೆರಳು ತೆಗೆಯದೆ, ಇಷ್ಟು ವರ್ಷದಲ್ಲಿ ಎಂದೂ ಕೇಳದ್ದನ್ನು ಕೇಳಿದರು. "ಸಾಹೇಬ್ರ, ಇವತ್ತ ಯಾವ ಬಣ್ಣದ ಅಂಗಿ ಹಾಕ್ಕೊಂಡೀರಿ?"

ಬಗ್ಗಿ ನನ್ನ ಅಂಗಿಯನ್ನು ನಾನೇ ನೋಡಿಕೊಂಡೆ.

"ಕೆಂಪು" ಎಂದೆ.

"ಕೆಂಪ?" ಈರಣ್ಣ ಗಲ್ಲಿಗೆಲ್ಲ ಕೇಳುವಂತೆ ನಕ್ಕರು. "ಈ ವಯಸ್ಸಿನಾಗ?"